ಹೊಸ ಐಸ್ ಹಾಕಿ ಸ್ಕೇಟ್ ಕಾಲಿಗೆ ಒಗ್ಗಬೇಕಾದರೆ

ಪ್ರಶ್ನೆ: ನಾನು ಸೇನೆಯಲ್ಲಿದ್ದೇನೆ, ಸದ್ಯ ಲೇಹ್‌ನಲ್ಲಿ ಪೋಸ್ಟಿಂಗ್. ಊರು ಕೊಡಗಿನ ನಾಪೋಕ್ಲು ಹತ್ತಿರ. ಚಿಕ್ಕಂದಿನಿಂದ ಹಾಕಿ ಆಡಿದವನು. ಕೊಡವರ ಕೌಟುಂಬಿಕ ಹಾಕಿಯಲ್ಲಿ ನಮ್ಮ ಒಕ್ಕದ (ಮನೆತನದ) ತಂಡಕ್ಕೆ ರಜೆ ಸಿಕ್ಕಾಗಲೆಲ್ಲ ಆಡುತ್ತೇನೆ. ಕಳೆದ ಚಳಿಗಾಲದಲ್ಲಿ ಯೂನಿಟ್‌ನವರ ಹಳೇ ಸ್ಕೇಟ್ ಹಾಕಿಕೊಂಡು ಐಸ್ ಹಾಕಿ ಕಲಿತೆ. ಈಗ ಸ್ವಂತಕ್ಕೆ ಹೊಸದು ತಗೊಂಡಿದ್ದೇನೆ, ಮರದ ಹಾಗೆ ಗಟ್ಟಿ. ಬೆರಳು ಮುಂದೆ ತಗಲುತ್ತದೆ, ಹರಡಿನ (ಪಾದದ ಗಂಟಿನ) ಹತ್ತಿರ ಕೆಂಪಾಗಿದೆ, ಲೇಸ್ ಬಿಗಿದು ಹತ್ತು ನಿಮಿಷಕ್ಕೆ ಪಾದ ಜೋಮು ಹಿಡಿಯುತ್ತದೆ. ಕೈಲ್‌ಪೊಳ್ದ್ ಹಬ್ಬ ಮುಗಿಯುವವರೆಗೆ ಊರಲ್ಲೇ ಇರುತ್ತೇನೆ. ಇಲ್ಲಿ ಐಸ್ ಎಲ್ಲಿಂದ ತರಲಿ? ನಿವೃತ್ತ ಸುಬೇದಾರ್ ಆದ ದೊಡ್ಡಪ್ಪ, ‘ಬಿಸಿನೀರು ತುಂಬಿಸಿ ಹಾಕಿಕೊಂಡು ಒಣಗುವ ತನಕ ನಡೆ, ನಮ್ಮ ಬೂಟನ್ನೆಲ್ಲ ಹಾಗೇ ಮೆತ್ತಗೆ ಮಾಡ್ತಿದ್ದೆವು’ ಅನ್ನುತ್ತಾರೆ. ಗೆಳೆಯನೊಬ್ಬ ಗೋಣಿಕೊಪ್ಪದ ಬೇಕರಿ ಓವನ್‌ನಲ್ಲಿ ಇಟ್ಟು ತೆಗೆಯೋಣ ಅನ್ನುತ್ತಾನೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ದೂರುಗಳಿವೆ. ಹೊಸ ಬೂಟು ಕಚ್ಚುತ್ತಿದೆ ಎಂದು ಮೂರನ್ನೂ ಒಂದೇ ಗಂಟಿಗೆ ಕಟ್ಟಿದ್ದೀರಿ. ಮೊದಲು ಬಿಡಿಸಿ ನೋಡೋಣ. ಹರಡಿನ ಮೂಳೆಯ ಮೇಲೆ ಕೆಂಪಾಗಿರುವುದು ಬೂಟು ಹೊಸದಾಗಿರುವುದರಿಂದ. ಅದು ತಾನಾಗಿ ಕಡಿಮೆಯಾಗುತ್ತದೆ. ಬೆರಳು ಮುಂದೆ ತಗಲುವುದು ಹೆಚ್ಚಿನ ಸಲ ದೋಷವೇ ಅಲ್ಲ. ಜೋಮು ಹಿಡಿಯುವುದನ್ನು ಮಾತ್ರ ಸಹಿಸಿಕೊಂಡು ಕೂರಬೇಡಿ. ಅದು ಲೇಸಿನ ತಪ್ಪೋ ಬೂಟಿನ ಆಳದ ತಪ್ಪೋ ಎನ್ನುವುದನ್ನು ಈ ರಜೆಯಲ್ಲೇ ಕಂಡುಕೊಳ್ಳಬೇಕು. ಸ್ಕೇಟ್ ಮೆತ್ತಗಾಗಲಿ ಎಂದು ಕಾಯುವ ಮೊದಲು ಅದು ನಿಮ್ಮ ಕಾಲಿನ ಅಳತೆಯದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಳತೆ ತಪ್ಪಿದ ಸ್ಕೇಟನ್ನು ಎಷ್ಟು ಪಳಗಿಸಿದರೂ ಅದು ಒಗ್ಗುವುದಿಲ್ಲ.

ಇನ್ನೊಂದು ಮಾತು. ನೀವು ದುಡ್ಡು ಕೊಟ್ಟಿದ್ದೇ ಆ ಗಟ್ಟಿತನಕ್ಕೆ. ಮಣ್ಣಿನ ಮೈದಾನದಲ್ಲೋ ಟರ್ಫ್‌ನಲ್ಲೋ ಓಡುವಾಗ ಮುಂಗಾಲನ್ನು ಒತ್ತಿ ಮುಂದಕ್ಕೆ ಚಿಮ್ಮುತ್ತೀರಿ. ಅದಕ್ಕೆ ಹಾಕಿ ಶೂ ಬೆರಳುಗಳ ಬುಡದಲ್ಲಿ ಬಾಗುತ್ತದೆ. ಸ್ಕೇಟಿನ ಅಡಿ ಬಾಗುವುದೇ ಇಲ್ಲ. ಐಸ್ ಮೇಲೆ ಪಕ್ಕಕ್ಕೆ ತಳ್ಳಿ ಮುಂದಕ್ಕೆ ಸಾಗಬೇಕು, ಅದೂ ಸುಮಾರು ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯ ಒಂದು ಅಂಚಿನ ಮೇಲೆ. ಕಾಲಿಗೂ ಬೂಟಿಗೂ ನಡುವೆ ಎಲ್ಲೇ ಸಡಿಲವಿದ್ದರೂ ನೀವು ತಳ್ಳಿದ ಬಲ ಅಲ್ಲೇ ಸೋರಿಹೋಗುತ್ತದೆ, ಹರಡು ಒಳಕ್ಕೋ ಹೊರಕ್ಕೋ ವಾಲುತ್ತದೆ. ಕಳೆದ ವರ್ಷ ಹಾಕಿಕೊಂಡ ಹಳೇ ಸ್ಕೇಟ್ ಆರಾಮವಾಗಿ ಅನ್ನಿಸಿದ್ದು ಅದು ಬೇರೆ ಯಾರದ್ದೋ ಕಾಲಿಗೆ ಸವೆದು ಸೋತಿದ್ದರಿಂದ. ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಹೊಸ ಸ್ಕೇಟಿನ ಗಟ್ಟಿತನ ಉಳಿಯಬೇಕು, ಒಳಗಿನ ಆಕಾರ ಮಾತ್ರ ನಿಮ್ಮ ಕಾಲಿನದ್ದಾಗಬೇಕು. ಮುಂದೆ ನಾನು ಹೇಳುವುದೆಲ್ಲ ಅದಕ್ಕಾಗಿಯೇ.

ಈಗ ಅಳತೆಯ ವಿಷಯ. ಹಾಕಿ ಸ್ಕೇಟಿನ ಸಂಖ್ಯೆ ಅಮೆರಿಕದ ಶೂ ಅಳತೆಗಿಂತ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಡಿಮೆ ಇರುತ್ತದೆ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಅಳತೆ. ಅದು ಅಮೆರಿಕದ್ದಕ್ಕಿಂತ ಸುಮಾರು ಒಂದು ಕಡಿಮೆ. ಅಂದರೆ ಇಲ್ಲಿ 9ನೇ ನಂಬರಿನ ಶೂ ಹಾಕುವವರಿಗೆ ಸ್ಕೇಟ್ 8.5 ಅಥವಾ 9 ಆಸುಪಾಸಿನಲ್ಲಿ ಬರುತ್ತದೆ. ಇದು ಅಂದಾಜು ಅಷ್ಟೇ, ಕಾಲೇ ಕೊನೆಯ ಮಾತು ಹೇಳಬೇಕು. ಕಾಲು ತೂರಿಸಿ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಲೇಸ್ ಕಟ್ಟಿ ನೇರ ನಿಲ್ಲಿ. ಬೆರಳ ತುದಿ ಬೂಟಿನ ಮುಂಭಾಗವನ್ನು ಮೆಲ್ಲಗೆ ಸವರಬೇಕು. ಆಮೇಲೆ ಮಂಡಿ ಬಗ್ಗಿಸಿ ಆಟದ ಭಂಗಿಗೆ ಬನ್ನಿ. ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಕೂದಲೆಳೆಯಷ್ಟು ಹಿಂದೆ ಸರಿದರೆ ಅಳತೆ ಸರಿ. ಬಗ್ಗಿದ ಮೇಲೂ ಬೆರಳು ಮಡಚಿಕೊಂಡೇ ಇದ್ದರೆ ಬೂಟು ಚಿಕ್ಕದು. ಲೇಸ್ ಬಿಚ್ಚಿ ಕಾಲನ್ನು ಪೂರ್ತಿ ಮುಂದಕ್ಕೆ ದೂಡಿ ಹಿಮ್ಮಡಿಯ ಹಿಂದೆ ಬೆರಳು ಹಾಕಿ ನೋಡಿ: ಒಂದು ಬೆರಳು ಬಿಗಿಯಾಗಿ ಹೋದರೆ ಸರಿ, ಎರಡು ಹೋದರೆ ದೊಡ್ಡದು.

ಜೋಮಿಗೆ ಉತ್ತರ ಸಿಗುವುದು ಪೆನ್ಸಿಲ್ ಪರೀಕ್ಷೆಯಲ್ಲಿ. ಲೇಸನ್ನು ಪೂರ್ತಿ ಸಡಿಲಿಸಿ, ಲೇಸಿನ ಅಡಿಯ ನಾಲಗೆಯನ್ನು ಮುಂದಕ್ಕೆ ಎಳೆದು, ಕಾಲು ಒಳಗಿಟ್ಟು, ಮೇಲಿನಿಂದ ಮೂರನೆಯ ಜೋಡಿ ಲೇಸ್ ತೂತುಗಳ ಮೇಲೆ ಪೆನ್ಸಿಲನ್ನು ಅಡ್ಡ ಇಡಿ. ಅದು ಎರಡೂ ಬದಿಯ ಅಂಚಿಗೆ ತಾಗಿ ನಿಂತರೆ ಬೂಟಿನ ಆಳ ಸಾಕು. ನಡುವೆ ನಿಮ್ಮ ಪಾದದ ಮೇಲ್ಭಾಗಕ್ಕೆ ತಗಲಿ ಅಂಚಿನಿಂದ ಎದ್ದು ನಿಂತರೆ ನಿಮ್ಮ ಕಾಲಿಗೆ ಈ ಬೂಟು ಆಳ ಸಾಲದು. ಹಾಗಿದ್ದಲ್ಲಿ ಲೇಸ್ ಬಿಗಿದಷ್ಟೂ ರಕ್ತನಾಳ ಅಮುಕಿ ಜೋಮು ಬರುತ್ತಲೇ ಇರುತ್ತದೆ. ಅದಕ್ಕೆ ಮದ್ದು ಬೂಟನ್ನು ಬದಲಾಯಿಸುವುದೇ. ಬಹಳಷ್ಟು ಕಂಪನಿಗಳು ಒಂದೇ ಉದ್ದದ ಸ್ಕೇಟನ್ನು ಮೂರು ಬಗೆಯ ಅಗಲ ಮತ್ತು ಆಳದಲ್ಲಿ ಮಾಡುತ್ತವೆ. ಬ್ಲೇಡನ್ನು ಇನ್ನೂ ಸಾಣೆ ಹಿಡಿಸದೆ, ಐಸ್ ಮುಟ್ಟಿಸದೆ ಇದ್ದರೆ ಬದಲಾಯಿಸಿ ಕೊಡುವ ಅಂಗಡಿಗಳಿವೆ. ಅದಕ್ಕೇ ಈ ಪರೀಕ್ಷೆಯನ್ನು ಇವತ್ತೇ ಮಾಡಿ ಎನ್ನುತ್ತೇನೆ. ಪೆನ್ಸಿಲ್ ಸಮತಟ್ಟಾಗಿ ಕೂತರೆ ಸಂತೋಷ. ತಪ್ಪು ಬೂಟಿನದ್ದಲ್ಲ, ನೀವು ಲೇಸ್ ಕಟ್ಟುವ ರೀತಿಯದ್ದು.

ಅದನ್ನೂ ಹೇಳಿಬಿಡುತ್ತೇನೆ. ಪರೇಡ್ ಬೂಟು ಬಿಗಿಯುವ ಹಾಗೆ ಕೆಳಗಿನಿಂದ ಮೇಲಿನವರೆಗೆ ಒಂದೇ ಬಲದಲ್ಲಿ ಬಿಗಿಯಬಾರದು. ಬೆರಳುಗಳ ಮೇಲಿನ ಎರಡು ಮೂರು ಸುತ್ತು ಸಡಿಲವಾಗಿರಲಿ, ಬೆರಳು ಅಲುಗಾಡುವಷ್ಟು. ಪಾದದ ನಡುವೆ ಹದವಾಗಿ. ಹರಡು ಬಾಗುವ ಜಾಗದಲ್ಲಿ ಮಾತ್ರ ಗಟ್ಟಿಯಾಗಿ, ಹಿಮ್ಮಡಿ ಅಲುಗದ ಹಾಗೆ. ಎಲ್ಲಕ್ಕಿಂತ ಮೇಲಿನ ತೂತನ್ನು ಮೊದಲ ಕೆಲವು ವಾರ ಖಾಲಿ ಬಿಡಿ. ಆಗ ಕಾಲು ಮುಂದಕ್ಕೆ ಬಾಗಲು ದಾರಿಯಾಗುತ್ತದೆ. ನಾಲಗೆ ಎಡಕ್ಕೋ ಬಲಕ್ಕೋ ಜಾರದೆ ಮೊಣಕಾಲ ನೇರಕ್ಕೆ ಕೂತಿರಬೇಕು. ಅದು ಜಾರಿದರೆ ಲೇಸು ಹರಡಿನ ಮುಂಭಾಗದ ಸ್ನಾಯುಬಂಧದ ಮೇಲೆ ನೇರ ಒತ್ತುತ್ತದೆ. ಅಲ್ಲಿ ಊತ ಬಂದರೆ ವಾರಗಟ್ಟಲೆ ಕಾಡುತ್ತದೆ, ಆಟವನ್ನೇ ನಿಲ್ಲಿಸಬೇಕಾಗುತ್ತದೆ. ಐಸ್ ಹಾಕಿ ಆಡುವವರಲ್ಲಿ ಇದು ತುಂಬ ಸಾಮಾನ್ಯ. ಅಂಥ ಸೂಚನೆ ಕಂಡರೆ ಆ ಜಾಗದ ಒಂದು ಜೊತೆ ತೂತನ್ನು ಬಿಟ್ಟು ಲೇಸ್ ಹಾಕಿ, ನಾಲಗೆಯ ಒಳಗೆ ತೆಳು ಜೆಲ್ ಪ್ಯಾಡ್ ಇಡಿ.

ಇನ್ನು ದೊಡ್ಡಪ್ಪನವರ ಮಾತು. ಅವರು ಹೇಳಿದ್ದು ಅವರ ಕಾಲದ ತೊಗಲಿನ ಬೂಟಿಗೆ ನಿಜವೇ. ತೊಗಲು ನೀರು ಕುಡಿದಾಗ ಹಿಗ್ಗುತ್ತದೆ, ಕಾಲಿನ ಮೇಲೆ ಒಣಗಿದಾಗ ಕಾಲಿನ ಆಕಾರದಲ್ಲೇ ನಿಲ್ಲುತ್ತದೆ. ತೊಗಲಿನ ಸ್ಕೇಟ್ ಇದ್ದ ದಿನಗಳಲ್ಲಿ ಹಾಕಿ ಆಟಗಾರರೂ ಹೀಗೆ ಮಾಡುತ್ತಿದ್ದರು. ಈಗಿನ ಸ್ಕೇಟಿನ ಹೊರಮೈ ತೊಗಲಲ್ಲ. ಪ್ಲಾಸ್ಟಿಕ್ ಎಳೆ, ಕಾರ್ಬನ್ ಎಳೆಗಳನ್ನು ಒತ್ತಿ ಮಾಡಿದ ಚಿಪ್ಪು, ಒಳಗೆ ಫೋಮ್, ನಡುವೆ ಅಂಟು. ನೀರಿಗೆ ಆ ಚಿಪ್ಪು ಒಂದಿಷ್ಟೂ ಹಿಗ್ಗುವುದಿಲ್ಲ. ಅಂಟು ಬಿಡುತ್ತದೆ, ಬ್ಲೇಡಿನ ಹೋಲ್ಡರನ್ನು ಅಡಿಗೆ ಹಿಡಿದಿರುವ ರಿವೆಟ್‌ಗಳು ತುಕ್ಕು ಹಿಡಿಯುತ್ತವೆ. ಅದರಲ್ಲೂ ಕಕ್ಕಡ ತಿಂಗಳ ಮಳೆಯಲ್ಲಿ ಒಳಗೆ ನೀರು ತುಂಬಿಸಿದ ಬೂಟು ಒಣಗುವುದಾದರೂ ಯಾವಾಗ? ದೊಡ್ಡಪ್ಪನಿಗೆ ವಿಷಯ ತಿಳಿಸಿ ಹೇಳಿ, ಬೂಟಿನ ಕಷ್ಟ ತಿಳಿದವರಿಗೆ ಅರ್ಥವಾಗುತ್ತದೆ.

ಗೆಳೆಯ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಈಗಿನ ಮಧ್ಯಮ ಮತ್ತು ಮೇಲ್ದರ್ಜೆಯ ಹಾಕಿ ಸ್ಕೇಟ್‌ಗಳನ್ನು ಬಿಸಿ ಮಾಡಿ ಕಾಲಿನ ಆಕಾರಕ್ಕೆ ತರುವುದು ಕಂಪನಿಯವರೇ ಹೇಳುವ ವಿಧಾನ. ಆದರೆ ಅದಕ್ಕೆ ಬೇಕಾದ ಬಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್, ಅದೂ ಮಾದರಿಗೆ ತಕ್ಕಂತೆ ಕೆಲವೇ ನಿಮಿಷ. ಬ್ರೆಡ್ಡು ಬನ್ನು ಬೇಯುವ ಓವನ್ 200 ಡಿಗ್ರಿ ಹತ್ತಿರ ಇರುತ್ತದೆ. ಅದರಲ್ಲಿ ಇಟ್ಟರೆ ಫೋಮ್ ಕುಗ್ಗಿ, ಅಂಟು ಕರಗಿ, ಚಿಪ್ಪು ಸೊಟ್ಟಗಾಗಿ ಸ್ಕೇಟ್ ಕಸಕ್ಕೆ ಹೋಗುತ್ತದೆ. ಮನೆಯ ಚಿಕ್ಕ ಓವನ್ನೂ ಬೇಡ. ಡಯಲ್ ತೋರಿಸುವ ಬಿಸಿಯೇ ಒಂದು, ಒಳಗಿರುವುದೇ ಇನ್ನೊಂದು. ಮೇಲಿನ ಕಾಯಿಲ್‌ಗೆ ಹತ್ತಿರವಾದ ಭಾಗ ಸುಡುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಸ್ಕೇಟ್ ಅಂಗಡಿಯಲ್ಲಿ ಇದಕ್ಕೆಂದೇ ಫ್ಯಾನ್ ಇರುವ ಓವನ್ ಇರುತ್ತದೆ. ವಾಪಸ್ ಹೋಗುವ ದಾರಿಯಲ್ಲಿ ಅಂಥ ಅಂಗಡಿ ಸಿಕ್ಕರೆ ಅಲ್ಲೇ ಮಾಡಿಸಿ. ಮಾಡಿಸುವಾಗ ಮೂರು ಸಂಗತಿ ನೆನಪಿಡಿ: ಬಿಸಿ ಬೂಟಿಗೆ ಕಾಲು ಹಾಕಿ ಲೇಸ್ ಎಳೆಯುವಾಗ ಪಕ್ಕಕ್ಕೆ ಎಳೆಯದೆ ನೇರ ಮೇಲಕ್ಕೆ ಎಳೆಯಿರಿ, ಇಲ್ಲದಿದ್ದರೆ ಮೆತ್ತಗಾದ ಚಿಪ್ಪಿನಿಂದ ಲೇಸ್ ತೂತಿನ ಬಳೆ ಕಿತ್ತುಬರುತ್ತದೆ. ಮಂಡಿ ಬಗ್ಗಿಸಿ ಹತ್ತು ಹದಿನೈದು ನಿಮಿಷ ಕೂತೇ ಇರಿ. ಎದ್ದು ನಡೆದರೆ ಆಕಾರ ಕೆಡುತ್ತದೆ. ಮತ್ತೆ ಒಂದು ಇಡೀ ದಿನ ಐಸಿಗೆ ಇಳಿಯಬೇಡಿ, ಚಿಪ್ಪು ಪೂರ್ತಿ ತಣಿದು ಗಟ್ಟಿಯಾಗಲಿ. ಕಡಿಮೆ ಬೆಲೆಯ ಕೆಲವು ಮಾದರಿಗಳಿಗೆ ಬಿಸಿಯ ಚಿಕಿತ್ಸೆ ಹೊಂದುವುದಿಲ್ಲ, ಪೆಟ್ಟಿಗೆಯಲ್ಲಿರುವ ಚೀಟಿ ಓದಿ ನೋಡಿ.

ಅಂಗಡಿ ಸಿಗದಿದ್ದರೂ ಚಿಂತೆ ಇಲ್ಲ. ಒಳಗಿನ ಫೋಮ್ ನಿಮ್ಮ ಮೈಬಿಸಿಗೇ ನಿಧಾನವಾಗಿ ಮಣಿಯುತ್ತದೆ, ಸಮಯ ಹೆಚ್ಚು ಬೇಕು ಅಷ್ಟೇ. ನಿಮಗೆ ರಜೆ ಇದೆ. ಸಂಜೆ ಕಯ್ಯಾಲೆಯ (ಜಗಲಿಯ) ಐಮರದ, ಅಂದರೆ ಕೂರುವ ಮರದ ಹಲಗೆಯ, ಮೇಲೆ ಕೂತು ಎರಡೂ ಸ್ಕೇಟ್ ಹಾಕಿ ಸರಿಯಾಗಿ ಲೇಸ್ ಕಟ್ಟಿಕೊಳ್ಳಿ. ಬ್ಲೇಡಿಗೆ ಪ್ಲಾಸ್ಟಿಕ್ ಗಾರ್ಡ್ ಇರಲಿ. ಮೊದಲ ದಿನ ಹದಿನೈದು ನಿಮಿಷ ಸಾಕು. ಬಿಚ್ಚಿ ಕಾಲು ನೋಡಿಕೊಳ್ಳಿ, ಎಲ್ಲಿ ಕೆಂಪಾಗಿದೆ, ಆ ಕೆಂಪು ಎಷ್ಟು ಹೊತ್ತಿಗೆ ಇಳಿಯಿತು ಎಂದು. ಅರ್ಧ ಗಂಟೆಯೊಳಗೆ ಮಾಯವಾಗುವ ಕೆಂಪು ಒಳ್ಳೆಯದೇ. ಮರುದಿನ ಬೆಳಿಗ್ಗೆಯೂ ಮುಟ್ಟಿದರೆ ನೋಯುವ ಒಂದೇ ಚುಕ್ಕೆ ಇದ್ದರೆ ಅಲ್ಲಿ ಪೆನ್ನಿನಿಂದ ಗುರುತು ಮಾಡಿಟ್ಟುಕೊಳ್ಳಿ, ಆ ವಿಷಯಕ್ಕೆ ಮುಂದೆ ಬರುತ್ತೇನೆ. ದಿನ ಕಳೆದಂತೆ ಅರ್ಧ ಗಂಟೆ, ಮುಕ್ಕಾಲು ಗಂಟೆಗೆ ಏರಿಸಿ.

ಸುಮ್ಮನೆ ಕೂರುವುದಕ್ಕಿಂತ ಕೂತಲ್ಲೇ ಮೊಣಕಾಲನ್ನು ಬೆರಳುಗಳಾಚೆಗೆ ಮುಂದಕ್ಕೆ ಒತ್ತಿ, ಹಿಡಿದು, ಬಿಡಿ. ಆಮೇಲೆ ಕಂಬ ಹಿಡಿದು ನಿಂತು ಅದನ್ನೇ ಮಾಡಿ. ಇದು ನಿಮಗೆ ಯಾಕೆ ಮುಖ್ಯವೆಂದರೆ, ಹುಲ್ಲಿನ ಹಾಕಿಯಲ್ಲಿ ಪಳಗಿದವರು ಸೊಂಟದಲ್ಲಿ ಬಾಗುತ್ತಾರೆ. ಚಿಕ್ಕ ಸ್ಟಿಕ್ಕು, ನೆಲಕ್ಕಂಟಿದ ಚೆಂಡು, ಬೆನ್ನು ಬಾಗಲೇಬೇಕು. ಸ್ಕೇಟಿಂಗ್‌ನಲ್ಲಿ ಬಾಗಬೇಕಾದದ್ದು ಹರಡು ಮತ್ತು ಮಂಡಿ. ಎದೆ ಎತ್ತಿ, ಮಂಡಿ ಮುಂದಿಟ್ಟು, ಮೀನಖಂಡದ ಬಲದಲ್ಲಿ ಬೂಟಿನ ನಾಲಗೆಯನ್ನು ಮುಂದಕ್ಕೆ ತಳ್ಳಬೇಕು. ಹಾಗೆ ತಳ್ಳದವರ ಬೂಟು ವರ್ಷ ಕಳೆದರೂ ಹೊಸದರ ಹಾಗೆ ಬಿರುಸಾಗಿಯೇ ಇರುತ್ತದೆ. ನನ್ನ ಬಳಿ ಬರುವ ಹಾಕಿ ಆಟಗಾರರಲ್ಲಿ ಬಹುಪಾಲು ಜನ ಬೂಟನ್ನು ದೂರುತ್ತಾರೆ, ನಿಲ್ಲಿಸಿ ನೋಡಿದರೆ ಮಂಡಿ ಬಾಗಿರುವುದಿಲ್ಲ.

ಗಾರ್ಡ್ ಹಾಕಿಕೊಂಡು ಮನೆಯೊಳಗೆ ನಡೆಯಬಹುದು, ಆದರೆ ಸ್ವಲ್ಪವೇ, ಮತ್ತು ತೆಂಗಿನ ನಾರಿನ ಚಾಪೆಯ ಮೇಲೆ. ನಮ್ಮ ಹಳೇ ಮನೆಗಳ ಕೆಂಪು ಕಾವಿ ನೆಲ ನುಣುಪು. ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ಜಾರಿದರೆ ಮಣಿಕಟ್ಟು ಮುರಿಯುವುದಕ್ಕೆ ಐಸೇ ಬೇಕಾಗಿಲ್ಲ. ಅಂಗಳಕ್ಕಂತೂ ಇಳಿಯಬೇಡಿ. ಕಾಫಿ ಒಣಗಿಸುವ ಕಣ ಈ ಮಳೆಯಲ್ಲಿ ಪಾಚಿಗಟ್ಟಿರುತ್ತದೆ, ಸಿಮೆಂಟಿನ ಮರಳುಕಣ ಬ್ಲೇಡಿನ ಅಂಚನ್ನು ಒಂದೇ ಹೆಜ್ಜೆಗೆ ಹಾಳು ಮಾಡುತ್ತದೆ.

ಸಾಕ್ಸ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಕಾಲಿನ ಸುಖದುಃಖದ ಅರ್ಧಪಾಲು ಅಲ್ಲಿದೆ. ಲೇಹ್ ಚಳಿಗೆ ಹೆದರಿ ಒಂದರ ಮೇಲೊಂದು ಉಣ್ಣೆಯ ಕಾಲುಚೀಲ ಹಾಕಬೇಡಿ. ಬೂಟಿನ ಒಳಗಿನ ಜಾಗ ಅಷ್ಟೇ ಇರುತ್ತದೆ. ದಪ್ಪ ಸಾಕ್ಸ್ ತುಂಬಿದರೆ ಪಾದ ಅಮುಕಿ ರಕ್ತ ಓಡಾಟ ಕಡಿಮೆಯಾಗುತ್ತದೆ, ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಬೆವರು ಹೀರಿ ಹೊರಗೆ ಬಿಡುವ ಸಿಂಥೆಟಿಕ್ ಅಥವಾ ತೆಳು ಮೆರಿನೊ ಉಣ್ಣೆಯ ಒಂದೇ ಜೊತೆ ಸಾಕು. ಹತ್ತಿಯದು ಬೇಡ, ಒದ್ದೆಯಾದರೆ ಒದ್ದೆಯಾಗಿಯೇ ಉಳಿದು ಚರ್ಮ ಉಜ್ಜಿ ನೀರುಗುಳ್ಳೆ ಎಬ್ಬಿಸುತ್ತದೆ. ಮನೆಯಲ್ಲಿ ಕೂತು ಅಭ್ಯಾಸ ಮಾಡುವಾಗಲೂ ಆಟಕ್ಕೆ ಹಾಕುವ ಅದೇ ಸಾಕ್ಸ್ ಇರಲಿ, ಫೋಮ್ ಆ ದಪ್ಪಕ್ಕೇ ಹೊಂದಿಕೊಳ್ಳಬೇಕು. ಎಲ್ಲಾದರೂ ಚರ್ಮ ಉರಿಯಲು ಶುರುವಾದರೆ ಗುಳ್ಳೆ ಏಳುವ ಮೊದಲೇ ಅಲ್ಲಿ ಸರ್ಜಿಕಲ್ ಟೇಪ್ ಅಂಟಿಸಿ. ಎದ್ದ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ಮೇಲಿನ ಚರ್ಮ ಕಿತ್ತು ಹಾಕುವ ಅಭ್ಯಾಸ ಬಿಡಿ. ಮುಚ್ಚಿ, ಎರಡು ದಿನ ಸ್ಕೇಟ್ ಮುಟ್ಟದೆ ಇರಿ.

ಲೇಹ್‌ಗೆ ಹೋದ ಮೇಲೆ ಐಸ್ ಕಟ್ಟುವುದು ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲು ಬ್ಲೇಡಿಗೆ ಸಾಣೆ ಹಿಡಿಸಲೇಬೇಕು. ಹೆಚ್ಚಿನ ಹೊಸ ಸ್ಕೇಟ್‌ಗಳು ಆಟಕ್ಕೆ ಬೇಕಾದ ಅಂಚಿಲ್ಲದೆ ಬರುತ್ತವೆ. ಅಂಚಿಲ್ಲದ ಬ್ಲೇಡಿನ ಮೇಲೆ ನಿಂತರೆ ಕಾಲು ಜಾರುತ್ತದೆ, ಅದನ್ನು ತಡೆಯಲು ಬೆರಳುಗಳನ್ನು ಮುದುರಿ ಹಿಡಿಯುತ್ತೀರಿ, ಅಂಗಾಲಿನ ಕಮಾನು ಸೆಡೆತುಕೊಳ್ಳುತ್ತದೆ, ಕೊನೆಗೆ ಅಪವಾದ ಬೂಟಿನ ಮೇಲೆ ಬರುತ್ತದೆ. ಕಡು ಚಳಿಯ ಗಟ್ಟಿ ಐಸಿಗೆ, ಬ್ಲೇಡಿನ ಅಡಿಯಲ್ಲಿ ಸ್ವಲ್ಪ ಆಳದ ತೋಡು ಬೀಳುವ ಸಾಣೆ ಹಿಡಿತ ಕೊಡುತ್ತದೆ. ನಿಮ್ಮ ಯೂನಿಟ್‌ನ ಹಳಬರು ಯಾವ ಸಾಣೆ ಹಿಡಿಸುತ್ತಾರೋ ಅದನ್ನೇ ಹಿಡಿಸಿ.

ಮೊದಲ ಕೆಲವು ಸಲ ಪಂದ್ಯಕ್ಕೆ ಇಳಿಯಬೇಡಿ. ಇಪ್ಪತ್ತು ಮೂವತ್ತು ನಿಮಿಷ ನಿಧಾನವಾಗಿ ಸುತ್ತಿ, ಲೇಸ್ ಬಿಚ್ಚಿ ಕಾಲಿಗೆ ಉಸಿರು ಕೊಟ್ಟು, ಮತ್ತೆ ಕಟ್ಟಿ. ಐಸ್ ಮೇಲೆ ಒಟ್ಟು ಐದರಿಂದ ಹತ್ತು ಗಂಟೆ ಆಗುವಷ್ಟರಲ್ಲಿ ಹೆಚ್ಚಿನವರ ಸ್ಕೇಟ್ ಒಗ್ಗಿರುತ್ತದೆ. ಕಯ್ಯಾಲೆಯಲ್ಲಿ ಕೂತ ಸಂಜೆಗಳು ಆ ಗಂಟೆಗಳನ್ನು ಪೂರ್ತಿ ತಪ್ಪಿಸುವುದಿಲ್ಲ, ಅದರ ನೋವನ್ನು ಕಡಿಮೆ ಮಾಡುತ್ತವೆ. ಸ್ಕೇಟಿನ ಫೋಮ್ ಚಳಿಗೆ ಬಿರುಸಾಗುತ್ತದೆ, ಆದ್ದರಿಂದ ಹಾಕಿಕೊಳ್ಳುವ ಮೊದಲು ಬ್ಯಾರಕ್ ಒಳಗೆ ಬೆಚ್ಚಗಿರಲಿ. ಬೆಚ್ಚಗಿರಲಿ ಎಂದೆ, ಬುಖಾರಿಗೆ (ಕೋಣೆ ಬಿಸಿ ಮಾಡುವ ಒಲೆಗೆ) ಒರಗಿಸಿ ಇಡಿ ಎನ್ನಲಿಲ್ಲ; ಬುಖಾರಿ ಪಕ್ಕದ ಶಾಖ ಬೇಕರಿ ಓವನ್ ಮಾಡುವ ಕೆಲಸವನ್ನೇ ನಿಧಾನವಾಗಿ ಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಕೊಡಗಿನ ಮನೆಯಲ್ಲಿ ಪಾದ ಜೋಮು ಹಿಡಿದರೆ ಅದು ಬರೀ ಅನನುಕೂಲ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನ ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಅದೇ ಜೋಮು ಹಿಮಗಡಿತದ ಮೊದಲ ಹೆಜ್ಜೆ ಆಗಬಹುದು. ಬೆರಳುಗಳ ಸ್ಪರ್ಶ ಹೋಗಿದೆ ಅನ್ನಿಸಿದ ಕೂಡಲೇ ಆಟ ಬಿಟ್ಟು ಒಳಗೆ ಬನ್ನಿ, ಬಿಚ್ಚಿ, ಕಾಲಿನ ಬಣ್ಣ ನೋಡಿ. ಬೆಳ್ಳಗೆ ಅಥವಾ ಬೂದಿ ಬಣ್ಣವಾಗಿ, ಮುಟ್ಟಿದರೆ ಗೊತ್ತಾಗದಿದ್ದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ, ನೇರ ಯೂನಿಟ್‌ನ ವೈದ್ಯರ ಬಳಿ ಹೋಗಿ.

ಹತ್ತು ಗಂಟೆ ಕಳೆದ ಮೇಲೂ ನೀವು ಪೆನ್ನಿನಿಂದ ಗುರುತು ಮಾಡಿದ ಚುಕ್ಕೆ ನೋಯುತ್ತಲೇ ಇದ್ದರೆ, ಅದು ಕಾಲಿನ ಮೂಳೆ ಉಬ್ಬಿರುವ ಜಾಗ: ಹರಡಿನ ಗಂಟು, ಪಾದದ ಹೊರ ಅಂಚಿನ ನಡುವಿನ ಉಬ್ಬು, ಇಲ್ಲವೇ ಹಿಮ್ಮಡಿಯ ಹಿಂಭಾಗ. ಅದಕ್ಕೆ ಸ್ಕೇಟ್ ಅಂಗಡಿಯಲ್ಲಿ ‘ಪಂಚಿಂಗ್’ ಮಾಡುತ್ತಾರೆ. ಆ ಜಾಗವನ್ನಷ್ಟೇ ಬಿಸಿ ಮಾಡಿ, ಒಂದು ಕಡೆ ಗುಂಡು ಇನ್ನೊಂದು ಕಡೆ ಬಳೆ ಇರುವ ಇಕ್ಕಳದಲ್ಲಿ ಒತ್ತಿ, ಹೊರಕ್ಕೆ ಚಿಕ್ಕ ಗುಬುಟು ಎಬ್ಬಿಸುತ್ತಾರೆ. ಉಳಿದ ಬೂಟು ಗಟ್ಟಿಯಾಗಿಯೇ ಉಳಿಯುತ್ತದೆ. ಊರಿನ ಚಪ್ಪಲಿ ರಿಪೇರಿಯವರ ಮರದ ಅಚ್ಚು ತೊಗಲಿಗೆ ಮಾತ್ರ, ಇದಕ್ಕೆ ಬೇಡ.

ಕೊನೆಯದಾಗಿ, ಊರಿನಲ್ಲಿರುವಷ್ಟು ದಿನ ಸ್ಕೇಟನ್ನು ನಮ್ಮ ಮಳೆಯಿಂದ ಕಾಪಾಡಿ. ಎರಡು ದಿನ ಮುಚ್ಚಿಟ್ಟ ತೊಗಲಿನ ಬೆಲ್ಟಿಗೂ ಬೂಸ್ಟು ಹಿಡಿಯುವ ಊರು ನಮ್ಮದು. ಪ್ರತಿ ಸಲ ಬಿಚ್ಚಿದ ಮೇಲೆ ಒಳಗಿನ ಅಡಿಹಾಳೆ ಹೊರಗೆ ತೆಗೆದು, ನಾಲಗೆ ಅಗಲಿಸಿ, ಫ್ಯಾನ್ ಗಾಳಿಗೆ ಇಡಿ; ರಾತ್ರಿಗೆ ಒಳಗೆ ದಿನಪತ್ರಿಕೆ ತುಂಬಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ. ಪ್ಲಾಸ್ಟಿಕ್ ಗಾರ್ಡ್ ನಡೆಯುವುದಕ್ಕೆ ಮಾತ್ರ, ಅದನ್ನು ಹಾಕಿಯೇ ಎತ್ತಿಟ್ಟರೆ ಒಳಗೆ ತೇವ ನಿಂತು ಉಕ್ಕು ತುಕ್ಕು ಹಿಡಿಯುತ್ತದೆ. ಬ್ಲೇಡನ್ನು ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ, ಬಟ್ಟೆಯ ಕವರ್ ತೊಡಿಸಿ ಇಡಿ. ಐಸಿಗೆ ಇಳಿಯುವ ಮುನ್ನ ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ.